ಅಜ್ಜಿಯ ಹಾಡುಗಳನ್ನು ಎಲ್ಲಿಡಬೇಕು? ವಾಸ್ಕೋದ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಗೋವಾದ ವಾಸ್ಕೋದಲ್ಲಿದ್ದೇವೆ. ಅಪ್ಪ ವಿಜಯಪುರ ಕಡೆಯ ತಾಂಡಾದಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಹಿಂದಿ. ತಂಗಿಗೆ ಅಜ್ಜಿಯ ಮಾತು ಅರ್ಧ ಮಾತ್ರ ತಿಳಿಯುತ್ತದೆ. ಅಜ್ಜಿಗೆ ಹೋಳಿಯ ಲೇಂಗಿ, ತೀಜ್ ಹಾಡು, ಮದುವೆಯ ಢಾವಲೋ ಎಲ್ಲ ಬರುತ್ತವೆ. ಒಂದಷ್ಟನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ತಾತ ತುಂಬಿಸಿಟ್ಟ ಕ್ಯಾಸೆಟ್‌ಗಳೂ ಇವೆ. ಇವನ್ನು ಯೂಟ್ಯೂಬ್‌ಗೆ ಹಾಕಿದರೆ ಸಾಕಾ, ಇಲ್ಲಾ ಡಿಜಿಟಲ್ ಆರ್ಕೈವ್‌ಗೆ ಕೊಡಬೇಕಾ? ಢಾವಲೋ ಮಾತ್ರ ಹೊರಗಿನವರಿಗೆ ಕೇಳಿಸಬೇಡ ಅನ್ನುತ್ತಾರೆ ಅಜ್ಜಿ. ಇನ್ನೊಂದು ವಿಷಯ, ನಮ್ಮ ಭಾಷೆಗೆ ಲಿಪಿ ಇಲ್ಲ. ಬರೆದಿಡುವುದಾದರೆ ಯಾವುದರಲ್ಲಿ?

ಉತ್ತರ: ಯೂಟ್ಯೂಬ್‌ಗೆ ಹಾಕುವುದು ತಪ್ಪಲ್ಲ, ಸಾಲದು ಅಷ್ಟೆ. ಅದು ತೋರಿಸುವ ಜಾಗ, ಕಾಪಾಡುವ ಜಾಗ ಅಲ್ಲ. ನೀವು ಹಾಕಿದ ಫೈಲನ್ನು ಅದು ಕುಗ್ಗಿಸಿ ಜನರಿಗೆ ಕೇಳಿಸುತ್ತದೆ. ಖಾತೆ ಯಾರದೋ ಕೈಗೆ ಹೋದರೆ, ಯಾರೋ ಸುಮ್ನೆ ಒಂದು ಕಾಪಿರೈಟ್ ದೂರು ಕೊಟ್ಟರೆ, ಹಾಡು ಕಾಣೆಯಾಗಬಹುದು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹತ್ತು ವರ್ಷ ಬಿಟ್ಟು ಆ ವಿಡಿಯೊ ನೋಡಿದವರಿಗೆ ಹಾಡಿದ್ದು ಯಾರು, ಯಾವ ತಾಂಡಾದವರು, ಯಾವ ಹೊತ್ತಿನಲ್ಲಿ ಹಾಡುವ ಹಾಡು, ಇದನ್ನು ತಾವು ಕೇಳಬಹುದಾ ಬಾರದಾ, ಒಂದೂ ಗೊತ್ತಾಗುವುದಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡ ಸಂಗ್ರಹಕ್ಕೆ ಆರ್ಕೈವ್ ಅನ್ನಬಹುದು. ಸರ್ವರ್, ವೆಬ್‌ಸೈಟ್ ಎಲ್ಲ ಆಮೇಲಿನ ಮಾತು. ಇಲ್ಲಿ ಪುಣೆಯಲ್ಲಿ ನನ್ನ ಮೇಜಿಗೆ ಬರುವ ಹಳೆಯ ಟೇಪುಗಳಲ್ಲಿ ಎಷ್ಟೋ ಸಲ ದನಿ ಚೆನ್ನಾಗಿರುತ್ತದೆ, ದನಿ ಯಾರದು ಅಂತ ಮಾತ್ರ ಯಾರೂ ಬರೆದಿರುವುದಿಲ್ಲ. ಹಾಳಾದ ಟೇಪನ್ನು ಒಂದು ಮಟ್ಟಿಗೆ ಸರಿಮಾಡಬಹುದು. ಬರೆಯದೇ ಬಿಟ್ಟ ಹೆಸರನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಮೊದಲು ನಿಮ್ಮ ಅಜ್ಜಿಯ ಮಾತಿಗೆ ಬರುತ್ತೇನೆ. ಅದನ್ನು ನೀವು ಒಂದು ಅಡಚಣೆ ಅನ್ನುವ ಹಾಗೆ ಬರೆದಿದ್ದೀರಿ. ನನ್ನ ಪ್ರಕಾರ ನಿಮ್ಮ ಸಂಗ್ರಹದ ಮೊದಲ ನಿಯಮವನ್ನು ಅವರೇ ಹಾಕಿಕೊಟ್ಟಿದ್ದಾರೆ. ಢಾವಲೋ ಅಂದರೆ ತವರು ಬಿಟ್ಟು ಹೊರಡುವ ಮದುಮಗಳ ಅಳುವಿನ ಹಾಡು. ಅದಕ್ಕೆ ಒಂದು ಹೊತ್ತು, ಒಂದು ಜಾಗ, ಕೇಳಬೇಕಾದವರು ಅಂತ ಇದ್ದಾರೆ. ಬಸ್ಸಿನಲ್ಲಿ ಕೂತವರು ಇಯರ್‌ಫೋನಿನಲ್ಲಿ ಕೇಳಿ ಲೈಕ್ ಒತ್ತಲಿ ಅಂತ ಅಜ್ಜಿ ಹಾಡಿದ್ದಲ್ಲ, ಅಲ್ವಾ?

ಈ ತೊಡಕು ನಿಮ್ಮೊಬ್ಬರದಲ್ಲ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್ ಎಂಬ ಊರಿನ ವರುಮುಂಗು ಜನರಿಗೂ ಇದೇ ಬಂದಿತ್ತು. ಅವರ ಹಳೆಯ ಫೋಟೊ, ರೆಕಾರ್ಡಿಂಗ್‌ಗಳು ಡಿಜಿಟಲ್ ಆಗಿ ವಾಪಸ್ ಬಂದವು. ಆದರೆ ಅವರಲ್ಲಿ ಕೆಲವನ್ನು ಹೆಂಗಸರು ಮಾತ್ರ ನೋಡಬೇಕು, ಕೆಲವನ್ನು ಗಂಡಸರು ಮಾತ್ರ. ತೀರಿಕೊಂಡವರ ಚಿತ್ರವನ್ನು ಎಲ್ಲರ ಮುಂದೆ ತೋರಿಸುವ ಹಾಗಿಲ್ಲ. ಎಲ್ಲರಿಗೂ ಎಲ್ಲವನ್ನೂ ತೋರಿಸುವ ಮಾಮೂಲಿ ವೆಬ್‌ಸೈಟ್ ಅವರಿಗೆ ಉಪಯೋಗಕ್ಕೆ ಬರಲಿಲ್ಲ. ಹಾಗಾಗಿ ಅಮೆರಿಕದ ಮಾನವಶಾಸ್ತ್ರಜ್ಞೆ ಕಿಂಬರ್ಲಿ ಕ್ರಿಸ್ಟನ್ ಅವರ ಜೊತೆ ಸೇರಿ, ತಮ್ಮ ರೂಢಿಯನ್ನೇ ಕಂಪ್ಯೂಟರಿಗೆ ಕಲಿಸಿದರು. ಮುಕುರ್ಟು ಎಂಬ ಸಾಫ್ಟ್‌ವೇರ್ ಹುಟ್ಟಿದ್ದು ಹಾಗೆ. ಅದು ಉಚಿತ, ಈಗ ಬೇರೆ ಬೇರೆ ದೇಶಗಳ ಮೂಲನಿವಾಸಿ ಸಮುದಾಯಗಳು ಬಳಸುತ್ತವೆ. ಯಾರು ಏನನ್ನು ನೋಡಬಹುದು ಅನ್ನುವುದನ್ನು ಅಲ್ಲಿ ಸಮುದಾಯವೇ ತೀರ್ಮಾನಿಸುತ್ತದೆ.

ನಿಮಗೆ ಈಗಲೇ ಅಷ್ಟು ದೊಡ್ಡ ಏರ್ಪಾಡು ಬೇಡ. ಮೂರು ಫೋಲ್ಡರ್ ಸಾಕು. ಒಂದು ಮನೆಯವರಿಗೆ, ಒಂದು ತಾಂಡಾದವರಿಗೆ, ಒಂದು ಎಲ್ಲರಿಗೆ. ಪ್ರತಿ ಹಾಡನ್ನೂ ಅಜ್ಜಿಗೆ ಮತ್ತೆ ಕೇಳಿಸಿ, ಯಾವುದು ಎಲ್ಲಿಗೆ ಅಂತ ಅವರಿಂದಲೇ ಹೇಳಿಸಿ. ಆ ಮಾತನ್ನೂ ರೆಕಾರ್ಡ್ ಮಾಡಿ, ಅವರದೇ ಲಂಬಾಣಿಯಲ್ಲಿ. ಓದು ಬರಹ ಬಾರದವರಿಂದ ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಇದು ಹೆಚ್ಚು ನಂಬಿಕೆಯದ್ದು. ಅವರು ತೀರಿಕೊಂಡ ಮೇಲೆ ಏನು ಮಾಡಬೇಕು ಅನ್ನುವುದನ್ನೂ ಕೇಳಿ. ಕೇಳುವುದು ಕಷ್ಟ, ಗೊತ್ತು. ಆದರೆ ಆಮೇಲೆ ಅದನ್ನು ಹೇಳಲು ಇನ್ಯಾರಿಗೂ ಹಕ್ಕಿರುವುದಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿ ಮಾತ್ರ ಜೊತೆಗಿರುತ್ತದೆ. ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕು ಇರುತ್ತದೆ. ಅಂದರೆ ಅಜ್ಜಿಯ ಧ್ವನಿಯನ್ನು ಯಾರೋ ಎತ್ತಿ ರೀಮಿಕ್ಸ್ ಮಾಡಿದರೆ ಆಕ್ಷೇಪ ಎತ್ತಬಹುದು. ಆದರೆ ತಲೆತಲಾಂತರದಿಂದ ಬಂದ ಧಾಟಿಯನ್ನೇ ಎತ್ತಿಕೊಂಡು ಬೇರೆ ಗಾಯಕರಿಂದ ಹಾಡಿಸಿದರೆ ಸಮುದಾಯದ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅದಕ್ಕೇ ಯಾವುದನ್ನು ಹೊರಗೆ ಬಿಡಬೇಕು ಅನ್ನುವ ಯೋಚನೆ ಮೊದಲೇ ಆಗಬೇಕು.

ಈಗ ಕ್ಯಾಸೆಟ್. ಅಜ್ಜಿಯನ್ನು ನಾಳೆಯೂ ಹಾಡಿಸಬಹುದು, ತಾತನ ಕ್ಯಾಸೆಟ್ ಕಾಯುವುದಿಲ್ಲ. ಹಾಗಾಗಿ ಅದನ್ನೇ ಮೊದಲು ಕೈಗೆತ್ತಿಕೊಳ್ಳಿ. ಗೋವಾದ ಮಳೆಗಾಲ ಟೇಪಿಗೆ ದೊಡ್ಡ ಶತ್ರು. ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಇಣುಕಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯ ಹಾಗೆ ಕಂಡರೆ ಅದನ್ನು ಪ್ಲೇ ಮಾಡಲೇಬೇಡಿ. ಬೂಷ್ಟು ಕ್ಯಾಸೆಟ್ ಹಾಕಿ ನುಡಿಸುವ ಡೆಕ್ಕಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಅಂಥದ್ದನ್ನು ಬೇರೆ ಕವರಿನಲ್ಲಿಟ್ಟು ಅನುಭವಸ್ಥರಿಗೆ ಕೊಡಿ.

ಚೆನ್ನಾಗಿರುವ ಕ್ಯಾಸೆಟ್‌ಗಳ ಮೇಲಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಮೊದಲು ಅವನ್ನು ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ತಾತನ ಧ್ವನಿ ಅಳಿಸಿಹೋಗುವುದಿಲ್ಲ. ಪ್ಲೇ ಮಾಡಲು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಬೇಡ. ಅವುಗಳ ವೇಗ ಏರುಪೇರಾಗುತ್ತದೆ, ಟೇಪನ್ನು ಕಚ್ಚುವುದೂ ಉಂಟು. ಪರಿಚಿತರ ಮನೆಯಲ್ಲಿ ಒಳ್ಳೆ ಡೆಕ್ ಇದ್ದರೆ ಎರವಲು ತನ್ನಿ. ಟೇಪನ್ನು ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಇಯರ್‌ಬಡ್‌ನಿಂದ ಒರೆಸಿ. ಡೆಕ್ಕಿನ ಲೈನ್ ಔಟ್ ಎಂಬ ತೂತಿನಿಂದ, ಧ್ವನಿಯನ್ನು ಡಿಜಿಟಲ್ ಮಾಡುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆಯ ಮೂಲಕ ಕಂಪ್ಯೂಟರಿಗೆ ಕೊಡಿ. ಸಾಫ್ಟ್‌ವೇರ್ ಬೇಕಾದರೆ ಆಡಾಸಿಟಿ ಉಚಿತ. 48 ಕಿಲೋಹರ್ಟ್ಜ್, 24 ಬಿಟ್, ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲ್, ಇದಕ್ಕಿಂತ ಕೆಳಗೆ ಇಳಿಯಬೇಡಿ. ಸ್ಟೀರಿಯೊ ಆದರೆ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಈಗಿನ ಹಾರ್ಡ್ ಡಿಸ್ಕಿಗೆ ಅದು ಏನೂ ಅಲ್ಲ.

ಟೇಪಿನ ಹಿನ್ನೆಲೆಯ ಹಿಸ್ ಸದ್ದು ತೆಗೆಯಬೇಕು ಅಂತ ಆಸೆಯಾಗುತ್ತದೆ. ತೆಗೆಯಿರಿ, ಆದರೆ ಇನ್ನೊಂದು ಪ್ರತಿಯಲ್ಲಿ. ಮೂಲ ಪ್ರತಿಯಲ್ಲಿ ಹಿಸ್, ಕೆಮ್ಮು, ನಡುವೆ ಯಾರೋ ಚಹಾ ತಗೊಳ್ಳಿ ಅಂದದ್ದು, ಎಲ್ಲ ಇರಲಿ. ಆ ಮಾತೂ ಭಾಷೆಯೇ ತಾನೆ? ಹಾಡಿನಲ್ಲಿ ಹಳೆಯ ಪದಗಳಿರುತ್ತವೆ, ಮನೆಮಾತು ಸಿಗುವುದು ಇಂಥ ಸಂದಿಗಳಲ್ಲೇ. ಫೈಲ್ ಮಾಡಿಕೊಂಡ ಮೇಲೂ ಕ್ಯಾಸೆಟ್ ಎಸೆಯಬೇಡಿ.

ಮೊಬೈಲ್ ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಯಾನ್ ಆರಿಸಿ, ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ವೇವ್‌ನಲ್ಲಿ ಉಳಿಸುವ ರೆಕಾರ್ಡರ್ ಆ್ಯಪ್ ಬಳಸಿ, ಕಾಲರಿಗೆ ಸಿಕ್ಕಿಸುವ ಮೈಕ್ ಒಂದಿದ್ದರೆ ಬಹಳ ಒಳ್ಳೆಯದು. ಈಗಾಗಲೇ ಬೇರೆ ಫಾರ್ಮ್ಯಾಟಿನಲ್ಲಿ ಮಾಡಿದ್ದರೆ ಅದನ್ನೇ ಹಾಗೇ ಇಡಿ. ಅದನ್ನು ವೇವ್‌ಗೆ ಬದಲಾಯಿಸಿದರೆ ಗುಣಮಟ್ಟವೇನೂ ಏರುವುದಿಲ್ಲ. ಊರಿನವರಿಂದ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ.

ಏನನ್ನು ರೆಕಾರ್ಡ್ ಮಾಡಬೇಕು ಅನ್ನುವುದು ಇದಕ್ಕಿಂತ ಮುಖ್ಯ. ಇಲ್ಲಿ ಎರಡು ಹಳೆಯ ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬ್ರಿಟಿಷರ ಕಾಲದಲ್ಲಿ ಭಾಷಾತಜ್ಞ ಗ್ರಿಯರ್ಸನ್ ಅವರ ಭಾಷಾ ಸರ್ವೆಯ ಭಾಗವಾಗಿ 1913ರಿಂದ 1929ರವರೆಗೆ ನಮ್ಮ ದೇಶದ ಹಲವು ಭಾಷೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದರು. ಶಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಇವತ್ತು ಅವನ್ನು ಕೇಳಬಹುದು. ನೂರು ವರ್ಷದ ಹಿಂದಿನ ಬಾಯಿಮಾತು ಕೇಳುವಾಗ ಮೈ ಜುಮ್ ಅನ್ನುತ್ತದೆ, ನಿಜ. ಆದರೆ ಆ ಸರ್ವೆಯವರು ಬಹುತೇಕ ಭಾಷೆಗಳಲ್ಲಿ ಒಂದೇ ಕಥೆ ಹೇಳಿಸಿದರು. ಬೈಬಲ್ಲಿನ ದಾರಿ ತಪ್ಪಿದ ಮಗನ ಕಥೆ. ಭಾಷೆಗಳನ್ನು ಹೋಲಿಸುವುದಕ್ಕೆ ಅದು ಅನುಕೂಲವೇ. ಆದರೆ ಆ ಜನ ತಮ್ಮ ಮನೆಯಲ್ಲಿ ಯಾವ ಕಥೆ ಹೇಳಿಕೊಳ್ಳುತ್ತಿದ್ದರು ಅನ್ನುವುದು ಆ ಕಥೆಯಿಂದ ಸಿಗುವುದಿಲ್ಲ.

ಇನ್ನೊಂದು ನಮ್ಮ ಕರಾವಳಿಯದು. 1990ರಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಸಿರಿ ಪಾಡ್ದನ ಎಂಬ ತುಳುವಿನ ಬಾಯಿಮಾತಿನ ಮಹಾಕಾವ್ಯವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಜೊತೆ ವಿವೇಕ ರೈ, ಚಿನ್ನಪ್ಪ ಗೌಡ ಅವರಂಥ ತುಳು ಬಲ್ಲ ವಿದ್ವಾಂಸರು ಕೂತು ಅದನ್ನು ದಾಖಲಿಸಿದರು. ಬರೆದಾಗ 15,683 ಸಾಲು ಆಯಿತು. ಹಾಡುಗಾರನೇ ತನ್ನ ಧಾಟಿಯಲ್ಲಿ, ತನಗೆ ಬೇಕಾದಷ್ಟು ಉದ್ದಕ್ಕೆ ಹಾಡಿದ್ದು, ಎದುರಿಗೆ ಭಾಷೆ ತಿಳಿದವರು ಇದ್ದದ್ದು, ಅದಕ್ಕೇ ಅಷ್ಟು ಸಿಕ್ಕಿತು. ನೀವೂ ಅಜ್ಜಿಗೆ ಒಂದು ಹಾಡು ಹೇಳಿ ಅಂತ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಅವರ ವಯಸ್ಸಿನ ಇನ್ನೊಬ್ಬರನ್ನು ಕರೆದು ಕೂರಿಸಿ. ಇಬ್ಬರೂ ಮಾತಾಡಿಕೊಳ್ಳಲಿ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡಲಿ. ವಾಸ್ಕೋದಲ್ಲೇ ಅಂಥವರು ಸಿಕ್ಕಾರು. ಬಿಜಾಪುರ, ಗದಗ ಕಡೆಯಿಂದ ಬಂದ ಕುಟುಂಬಗಳು ಅಲ್ಲಿ ಕಡಿಮೆಯೇನಲ್ಲ.

ರೆಕಾರ್ಡ್ ಮಾಡಿದ ದಿನವೇ ರಾತ್ರಿ ಒಂದು ಎಕ್ಸೆಲ್ ಹಾಳೆಯಲ್ಲಿ ವಿವರ ತುಂಬಿ. ದಿನಾಂಕ, ಜಾಗ, ಹಾಡಿದವರು, ಅವರ ತಾಂಡಾ, ಹಾಡಿನ ಮೊದಲ ಸಾಲು, ಯಾವ ಹಬ್ಬ ಅಥವಾ ಶಾಸ್ತ್ರದ್ದು, ಯಾರಿಂದ ಕಲಿತದ್ದು, ಯಾರು ಕೇಳಬಹುದು. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿರಲಿ. ಮೊದಲು ವರ್ಷ, ಆಮೇಲೆ ತಿಂಗಳು, ದಿನ. ನಾಳೆ ಮಾಡೋಣ ಅಂತ ಬಿಟ್ಟರೆ ಅದು ಆಗುವ ಕೆಲಸವಲ್ಲ, ಇದಂತೂ ಗ್ಯಾರಂಟಿ. ಹಾಡನ್ನು ಸಾಲುಸಾಲಾಗಿ ಬರೆಯುವ ಕೆಲಸಕ್ಕೆ ಎಲಾನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ನೆದರ್‌ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯದು. ಧ್ವನಿಯ ಕೆಳಗೇ ಸಾಲು, ಅದರ ಕೆಳಗೆ ಕನ್ನಡ ಅರ್ಥ ಕೂರಿಸಬಹುದು. ಒಂದು ಗಂಟೆಯ ಹಾಡಿಗೆ ಹತ್ತಾರು ಗಂಟೆ ಹಿಡಿಯುತ್ತದೆ, ಹಾಗಾಗಿ ಎಲ್ಲವನ್ನೂ ಬರೆಯುವ ಪಣ ತೊಡಬೇಡಿ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಅರ್ಧ ತಿಳಿಯುವವಳಿಗೆ ಮುಕ್ಕಾಲು ತಿಳಿಯುವುದು ಇಂಥ ಕೆಲಸದಲ್ಲೇ.

ಇಂಥ ವಿವರಕ್ಕೆ ಎಷ್ಟು ಬೆಲೆ ಅನ್ನುವುದನ್ನು ಅಮೆರಿಕದ ಮಯಾಮಿಯಾ ಜನರನ್ನು ನೋಡಿ ತಿಳಿಯಬೇಕು. ಅವರ ಭಾಷೆ ಚೆನ್ನಾಗಿ ಬಲ್ಲವರು 20ನೇ ಶತಮಾನದ ನಡುವೆಯೇ ತೀರಿಹೋಗಿದ್ದರು. ಮಿಶನರಿಗಳು, ಭಾಷಾಶಾಸ್ತ್ರಜ್ಞರು ಬರೆದಿಟ್ಟ ಹಳೆಯ ಕಾಗದಗಳಿಂದ ಭಾಷಾತಜ್ಞ ಡೇವಿಡ್ ಕೋಸ್ಟಾ ವ್ಯಾಕರಣ ಕಟ್ಟಿದರು. ಆ ಸಮುದಾಯದವರೇ ಆದ ಡ್ಯಾರಿಲ್ ಬಾಲ್ಡ್‌ವಿನ್ ಅದನ್ನು ಕಲಿತು ಮನೆಯಲ್ಲಿ ಮಕ್ಕಳಿಗೆ ಆಡಿಸಿದರು. ಅಂಡಮಾನಿನ ಬೋ ಭಾಷೆಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಅದನ್ನಾಡುತ್ತಿದ್ದ ಕೊನೆಯ ವ್ಯಕ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಭಾಷಾತಜ್ಞೆ ಅನ್ವಿತಾ ಅಬ್ಬಿ ದಾಖಲಿಸಿಟ್ಟದ್ದು ಉಳಿದಿದೆ, ಆಡಲು ಯಾರೂ ಇಲ್ಲ.

ನಿಮ್ಮ ಭಾಷೆ ಆ ಸ್ಥಿತಿಯಲ್ಲೇನೂ ಇಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ಅಂತ ಬರೆಸಿದವರೇ 32 ಲಕ್ಷಕ್ಕಿಂತ ಜಾಸ್ತಿ, ಬಂಜಾರಿ ಅಂತ ಬರೆಸಿದವರು ಇನ್ನೂ 15 ಲಕ್ಷಕ್ಕೂ ಮೇಲೆ. ವಿಚಿತ್ರ ಏನೆಂದರೆ ಗಣತಿ ಇವರೆಲ್ಲರನ್ನೂ ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ. ಪಟ್ಟಿಗಳ ಕಥೆಯೂ ಹಾಗೇ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗೋವಾದವರೇ ಆದ ಗಾವಡಾ, ಕುಣಬಿ, ವೇಳಿಪರು ಕೂಡ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಿಮ್ಮದು ಯಾವ ಪಟ್ಟಿಯಲ್ಲಿದೆ ಅನ್ನುವುದರ ಮೇಲೆ ಯಾವ ಯೋಜನೆ ನಿಮಗೆ ಸಿಗುತ್ತದೆ ಅನ್ನುವುದು ನಿಂತಿದೆ. ಹಾಗಾಗಿ ಸರಕಾರದ ಯೋಜನೆ ಬರಲಿ ಅಂತ ಕಾಯುತ್ತಾ ಕೂರಬೇಡಿ. ಲಕ್ಷಗಟ್ಟಲೆ ಜನ ಆಡುವ ಭಾಷೆಯಲ್ಲೂ ಒಂದು ತಾಂಡಾದ ಢಾವಲೋ ಧಾಟಿ ಒಬ್ಬ ಮುದುಕಿಯ ಜೊತೆ ಹೋಗಿಬಿಡಬಹುದು.

ಲಿಪಿಯ ಪ್ರಶ್ನೆಗೆ ಜನ ಜಗಳವಾಡುತ್ತಾರೆ. ನೀವು ಆಡಬೇಡಿ. ನಿಮ್ಮ ಮನೆಯಲ್ಲಿ ಎಲ್ಲರೂ ಓದುವುದು ಕನ್ನಡ, ಕನ್ನಡದಲ್ಲೇ ಬರೆಯಿರಿ. ಮಹಾರಾಷ್ಟ್ರದ ಬಂಜಾರರು ದೇವನಾಗರಿಯಲ್ಲಿ, ತೆಲಂಗಾಣದವರು ತೆಲುಗಿನಲ್ಲಿ ಬರೆದುಕೊಳ್ಳಲಿ. ನಿಮ್ಮ ಸುತ್ತಲಿನ ಕೊಂಕಣಿಯನ್ನೇ ನೋಡಿ. ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಅರೇಬಿಕ್ ಬಗೆಯದು ಅಂತ ಐದು ಲಿಪಿಗಳಲ್ಲಿ ಬಾಳಿಕೊಂಡು ಬಂದಿದೆ. ಧ್ವನಿ ಜೊತೆಗಿರುವಾಗ ಲಿಪಿ ಒಂದು ಸಹಾಯ ಮಾತ್ರ. ಒಂದೇ ಷರತ್ತು, ಬರೆಯುವುದು ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರವೆಲ್ಲ ಕಲಸುಮೇಲೋಗರ ಆಗುವುದನ್ನು ನೀವೂ ಕಂಡಿರಬಹುದು. ಹಳೆಯ ಕನ್ನಡ ಪತ್ರಿಕೆ, ಸ್ಮರಣ ಸಂಚಿಕೆಗಳ ಫೈಲುಗಳನ್ನು ಅದೇ ಸ್ಥಿತಿಯಲ್ಲಿ ಇಟ್ಟುಕೊಂಡ ಮುಂಬಯಿ, ಪುಣೆಯ ಕನ್ನಡ ಸಂಘಗಳಿದ್ದರೆ ಅವರಿಗೂ ಇದೇ ಮಾತು. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಆಮೇಲೆ ಸ್ಕ್ಯಾನರ್ ಕೊಳ್ಳುವ ಯೋಚನೆ.

ಇನ್ನು ಯಾರಿಗೆ ಕೊಡಬೇಕು? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಅಳಿವಿನಂಚಿನ ಭಾಷೆಗಳ ಯೋಜನೆ 2013ರಿಂದ ಇದೆ. ಆದರೆ ಅದು 10 ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ, ಲಂಬಾಣಿ ಅದರೊಳಗೆ ಬರುವುದಿಲ್ಲ. ಹಾಡು, ಸಂಗೀತಕ್ಕೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಧ್ವನಿ ಆರ್ಕೈವ್ ಇದೆ. 1982ರಲ್ಲಿ ಇದೇ ಪುಣೆಯಲ್ಲಿ ಶುರುವಾದದ್ದು, ಈಗ ಗುರುಗ್ರಾಮದಲ್ಲಿದೆ. ಜಗತ್ತಿನ ಮಟ್ಟದಲ್ಲಿ ಈಲಾರ್ ಎಂಬ ಅಳಿವಿನಂಚಿನ ಭಾಷೆಗಳ ಆರ್ಕೈವ್ ಇದೆ. ಮೊದಲು ಲಂಡನ್ನಿನಲ್ಲಿತ್ತು, 2021ರಲ್ಲಿ ಬರ್ಲಿನ್ನಿಗೆ ಹೋಯಿತು. ಅಲ್ಲಿ ಕೆಲವನ್ನು ತೆರೆದು, ಕೆಲವನ್ನು ಅನುಮತಿಯ ಮೇಲೆ ಮಾತ್ರ ಕೇಳಿಸುವ ವ್ಯವಸ್ಥೆ ಇದೆ. ಅಜ್ಜಿ ಎಲ್ಲರಿಗೂ ಅಂತ ಒಪ್ಪಿದ ಲೇಂಗಿಗಳನ್ನು ಇಂಟರ್ನೆಟ್ ಆರ್ಕೈವ್, ವಿಕಿಮೀಡಿಯ ಕಾಮನ್ಸ್‌ನಂಥ ಉಚಿತ ಸಾರ್ವಜನಿಕ ವೆಬ್‌ಸೈಟ್‌ನಲ್ಲಿ ಹಾಕಬಹುದು. ಕಾಮನ್ಸ್‌ನಲ್ಲಿ ಹಾಕಿದ್ದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಅದನ್ನು ಅಜ್ಜಿಗೆ ಬಿಡಿಸಿ ಹೇಳಿಯೇ ಹಾಕಿ.

ಯಾವ ಸಂಸ್ಥೆಯೇ ಆಗಲಿ, ಕೊಡುವ ಮುಂಚೆ ನೇರವಾಗಿ ಕೇಳಿ. ಮೂಲ ಕ್ಯಾಸೆಟ್ ವಾಪಸ್ ಕೊಡುತ್ತೀರಾ? ಒಳ್ಳೆ ಗುಣಮಟ್ಟದ ಪ್ರತಿ ನಮಗೆ ಸಿಗುತ್ತದಾ? ನಾಳೆ ಒಂದು ಹಾಡನ್ನು ಹಿಂದಕ್ಕೆ ಪಡೆಯಬೇಕು ಅಂದರೆ ದಾರಿ ಇದೆಯಾ? ಉತ್ತರ ಬರಹದಲ್ಲಿ ಕೊಡದವರಿಗೆ ಕೊಡಬೇಡಿ, ಅವರ ಹೆಸರು ಎಷ್ಟೇ ದೊಡ್ಡದಿರಲಿ.

ಒಂದೇ ಕಡೆ ಇಡುವುದಂತೂ ಬೇಡವೇ ಬೇಡ. 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂಗೆ ಬೆಂಕಿ ಬಿತ್ತು. ಅಲ್ಲಿನ ಭಾಷಾ ಸಂಗ್ರಹ ಸುಟ್ಟುಹೋಯಿತು. ಇವತ್ತು ಯಾರೂ ಆಡದ ಮೂಲನಿವಾಸಿ ಭಾಷೆಗಳ ರೆಕಾರ್ಡಿಂಗ್‌ಗಳು ಅದರಲ್ಲಿದ್ದವು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿಯಾಗಿ ಅವರ ಆನ್‌ಲೈನ್ ಸಂಗ್ರಹಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದವು. ಅಂಥವರಿಗೇ ಹಾಗಾದರೆ ನಮ್ಮ ಒಂದು ಪೆನ್‌ಡ್ರೈವ್ ಯಾವ ಲೆಕ್ಕ?

ಹಾಗಾಗಿ ಮೂರು ಪ್ರತಿ ಇರಲಿ. ಒಂದು ವಾಸ್ಕೋದ ಮನೆಯಲ್ಲಿ, ಹಾರ್ಡ್ ಡಿಸ್ಕಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ. ಇನ್ನೊಂದು ವಿಜಯಪುರದ ತಾಂಡಾದಲ್ಲಿ, ಕಾಕಾ ಅಥವಾ ಮಾಮಾ ಯಾರಾದರೊಬ್ಬರ ಹತ್ತಿರ. ಅಲ್ಲಿಯವರೂ ಕೇಳಿದ ಹಾಗಾಗುತ್ತದೆ, ಅವರಲ್ಲಿ ಯಾರಿಗೋ ಇನ್ನೊಂದು ಹಾಡು ನೆನಪಾಗುತ್ತದೆ. ಮೂರನೆಯದು ಕ್ಲೌಡ್‌ನಲ್ಲಿ ಅಥವಾ ಸಂಸ್ಥೆಯಲ್ಲಿ. ದೀಪಾವಳಿಗೆ ಮೇರಾ ಹಾಡು ಕೇಳಲು ಊರಿಗೆ ಹೋಗುತ್ತೀರಲ್ಲ, ಆಗ ಅಲ್ಲಿನ ಡಿಸ್ಕ್ ತೆರೆಯುತ್ತದಾ ನೋಡಿ, ಹೊಸದನ್ನು ಸೇರಿಸಿ. ಡಿಸ್ಕ್ ಸರಿಯಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಕ್ಲೌಡ್‌ನ ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಗೊತ್ತಿರುವುದು ಬೇಡ, ತಂಗಿಗೂ ಕೊಟ್ಟಿಡಿ.